ಬ್ಯಾಟರಿ ಹೊಸದು, ಆದರೂ ಸೆಲ್ಫ್ ತಗೊಳ್ಳಲ್ಲ: ತಪ್ಪು ಎಲ್ಲಿದೆ ಅಂತ ಮೀಟರ್ ಹಿಡಿದು ಹುಡುಕುವುದು ಹೇಗೆ?

ಪ್ರಶ್ನೆ: ನನ್ನದು 125 ಸಿಸಿ ಬೈಕ್. ಐದು ವರ್ಷ ಹಳೆಯದು. ಬೆಳಗ್ಗೆ ಸೆಲ್ಫ್ ತಗೊಳ್ಳುವುದಿಲ್ಲ, ಬರೀ ಟಿಕ್ ಟಿಕ್ ಅಂತ ಸದ್ದು ಬರುತ್ತದೆ. ಕಿಕ್ ಹೊಡೆದರೆ ಸ್ಟಾರ್ಟ್ ಆಗುತ್ತದೆ. ಬ್ಯಾಟರಿ ಹೊಸದು ಹಾಕಿಸಿ ನಾಲ್ಕು ತಿಂಗಳಾಯಿತು, ಅಷ್ಟರಲ್ಲೇ ಎರಡು ಸಲ ಹೊರಗಡೆ ಚಾರ್ಜ್ ಮಾಡಿಸಿದ್ದಾಯಿತು. ಒಬ್ಬ ಮೆಕ್ಯಾನಿಕ್ ಕಾಯಿಲ್ ಹೋಗಿದೆ ಅನ್ನುತ್ತಾರೆ. ಇನ್ನೊಬ್ಬರು ರೆಕ್ಟಿಫೈಯರ್ ಬದಲಾಯಿಸಿ ಅನ್ನುತ್ತಾರೆ. ನನ್ನ ಹತ್ತಿರ ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಇದೆ. ಗಾಡಿ ಐಡ್ಲಿಂಗ್‌ನಲ್ಲಿದ್ದಾಗ ಬ್ಯಾಟರಿ ಮೇಲೆ 12.9 ವೋಲ್ಟ್ ತೋರಿಸುತ್ತದೆ. ಮುಂದೆ ಎರಡು ಎಕ್ಸ್‌ಟ್ರಾ ಎಲ್‌ಇಡಿ ಲೈಟ್ ಹಾಕಿಸಿದ್ದೇನೆ. ಯಾವುದು ಹೋಗಿದೆ ಅಂತ ನಾನೇ ಪತ್ತೆ ಮಾಡಬಹುದಾ?

ಉತ್ತರ: ಖಂಡಿತ ಮಾಡಬಹುದು. ನಿಮ್ಮ ಹತ್ತಿರ ಇರುವ ಮೀಟರೇ ಸಾಕು. ಆದರೆ ಪರೀಕ್ಷೆ ಮುಗಿಯುವವರೆಗೆ ಕಾಯಿಲನ್ನೂ ಕೊಳ್ಳಬೇಡಿ, ರೆಕ್ಟಿಫೈಯರನ್ನೂ ಕೊಳ್ಳಬೇಡಿ. ಐಡ್ಲಿಂಗ್‌ನಲ್ಲಿ 12.9 ಅನ್ನುವ ಒಂದೇ ರೀಡಿಂಗ್ ನೋಡಿ ಇಂಥದ್ದೇ ಹೋಗಿದೆ ಅಂತ ಹೇಳಲು ಯಾರಿಂದಲೂ ಆಗುವುದಿಲ್ಲ. ಚಾರ್ಜಿಂಗ್ ತೊಂದರೆ ಅಂದ ಕೂಡಲೇ ಎಲ್ಲರ ಬಾಯಲ್ಲೂ ಬರುವುದು ಈ ಎರಡು ಪಾರ್ಟ್‌ಗಳ ಹೆಸರು. ಇವುಗಳಿಂದ ಬ್ಯಾಟರಿವರೆಗೆ ಹೋಗುವ ವೈರು, ಕಪ್ಲರ್ (ವೈರುಗಳನ್ನು ಜೋಡಿಸುವ ಪ್ಲಾಸ್ಟಿಕ್ ಕನೆಕ್ಟರ್), ಅರ್ತ್ (ಬ್ಯಾಟರಿಯ ನೆಗೆಟಿವ್‌ಗೆ ಸೇರುವ ಬಾಡಿ ಸಂಪರ್ಕ) ಕಡೆಗೆ ಯಾರೂ ತಿರುಗಿ ನೋಡುವುದಿಲ್ಲ. ನಾನು ಕಂಡ ಮಟ್ಟಿಗೆ ಐದಾರು ವರ್ಷ ಓಡಿದ ಗಾಡಿಯಲ್ಲಿ ತಪ್ಪು ಇರುವುದು ಅಲ್ಲೇ ಜಾಸ್ತಿ.

ಒಳಗೆ ಏನು ನಡೆಯುತ್ತದೆ ಅಂತ ಸ್ವಲ್ಪ ತಿಳಿದುಕೊಂಡರೆ ಮೀಟರ್ ಹೇಳುವುದು ಅರ್ಥವಾಗುತ್ತದೆ. ಎಂಜಿನ್ನಿನ ಕ್ರ್ಯಾಂಕ್ ತುದಿಯಲ್ಲಿ ಒಂದು ಮ್ಯಾಗ್ನೆಟ್ ಇದೆ, ಬಟ್ಟಲಿನ ಆಕಾರದ್ದು. ಅದು ಎಂಜಿನ್ ಜೊತೆಗೇ ತಿರುಗುತ್ತದೆ. ಅದರೊಳಗೆ ಅಲ್ಲಾಡದೆ ಕೂತಿರುವುದು ಸ್ಟೇಟರ್, ಅಂದರೆ ಎಲ್ಲರೂ ಕಾಯಿಲ್ ಅನ್ನುವ ಭಾಗ. ಮ್ಯಾಗ್ನೆಟ್ ತಿರುಗಿದಾಗ ಕಾಯಿಲಿನಲ್ಲಿ ಎಸಿ ಕರೆಂಟ್ ಹುಟ್ಟುತ್ತದೆ. ಬ್ಯಾಟರಿಗೆ ಎಸಿ ಆಗುವುದಿಲ್ಲ. ಹಾಗಾಗಿ ಕರೆಂಟ್ ರೆಗ್ಯುಲೇಟರ್ ರೆಕ್ಟಿಫೈಯರ್‌ಗೆ ಹೋಗುತ್ತದೆ. ಗ್ಯಾರೇಜಿನಲ್ಲಿ ಇದಕ್ಕೆ ಆರ್‌ಆರ್ ಯೂನಿಟ್ ಅಂತಲೂ, ಬರೀ ರೆಕ್ಟಿಫೈಯರ್ ಅಂತಲೂ ಅನ್ನುತ್ತಾರೆ. ಇದರದ್ದು ಎರಡು ಕೆಲಸ. ಎಸಿಯನ್ನು ಡಿಸಿ ಮಾಡುವುದು ಒಂದು. ವೋಲ್ಟೇಜ್ ಸುಮಾರು 14.5–14.8 ದಾಟದಂತೆ ತಡೆಯುವುದು ಇನ್ನೊಂದು. ಅಲ್ಲಿಂದ ಫ್ಯೂಸ್ ದಾಟಿ ಬ್ಯಾಟರಿ.

ಚಿಕ್ಕ ಬೈಕುಗಳಲ್ಲಿ ಇದರಲ್ಲೇ ಮೂರು ಬಗೆ ಇವೆ. ಹಳೆಯ ಗಾಡಿಗಳಲ್ಲಿ ಕಾಯಿಲಿನ ಒಂದು ತುದಿ ಎಂಜಿನ್ ಬಾಡಿಗೇ ಅರ್ತ್ ಆಗಿರುತ್ತದೆ. ಒಂದು ವೈರು ಬ್ಯಾಟರಿ ಚಾರ್ಜಿಗೆ, ಇನ್ನೊಂದು ವೈರು ನೇರವಾಗಿ ಹೆಡ್‌ಲೈಟಿಗೆ. ಇಂಥ ಗಾಡಿಯಲ್ಲಿ ಹೆಡ್‌ಲೈಟ್ ಎಸಿಯಲ್ಲೇ ಉರಿಯುತ್ತದೆ. ಎಂಜಿನ್ ಆಫ್ ಇದ್ದರೆ ಹೆಡ್‌ಲೈಟ್ ಹತ್ತುವುದೇ ಇಲ್ಲ, ರೇಸ್ ಮಾಡಿದಂತೆ ಬೆಳಕು ಜಾಸ್ತಿಯಾಗುತ್ತದೆ. ಇದು ದೋಷವಲ್ಲ, ಅದರ ರೀತಿಯೇ ಹಾಗೆ. ಎರಡನೆಯದರಲ್ಲಿ ಎರಡು ವೈರು ಬರುತ್ತವೆ, ಯಾವುದೂ ಅರ್ತ್ ಆಗಿರುವುದಿಲ್ಲ, ಎಲ್ಲ ಲೈಟೂ ಬ್ಯಾಟರಿ ಲೈನಿನಿಂದಲೇ. ಮೂರನೆಯದು ತ್ರೀ ಫೇಸ್. ಒಂದೇ ಬಣ್ಣದ ಮೂರು ವೈರು ಬರುತ್ತವೆ, ಸಾಮಾನ್ಯವಾಗಿ ಹಳದಿ. ನಿಮ್ಮ ಗಾಡಿ ಯಾವ ಬಗೆ ಅಂತ ಸರ್ವಿಸ್ ಮ್ಯಾನ್ಯುಯಲ್‌ನ ವೈರಿಂಗ್ ಚಿತ್ರ ನೋಡಿ ಮೊದಲೇ ಖಚಿತ ಮಾಡಿಕೊಳ್ಳಿ. ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಒಂದು ಬಗೆಯಲ್ಲಿ ಸರಿಯಾದ ರೀಡಿಂಗ್ ಇನ್ನೊಂದು ಬಗೆಯಲ್ಲಿ ಕಾಯಿಲ್ ಸುಟ್ಟ ಲಕ್ಷಣ.

ಮೀಟರ್ ಬಗ್ಗೆ ಒಂದು ಎಚ್ಚರಿಕೆ. ಕೆಂಪು ಪ್ರೋಬಿನ ವೈರು 10 ಆಂಪಿಯರ್ ತೂತಿನಲ್ಲಿ ಇಟ್ಟುಕೊಂಡು ಬ್ಯಾಟರಿ ವೋಲ್ಟೇಜ್ ನೋಡಲು ಹೋಗಬೇಡಿ. ಅದು ಬ್ಯಾಟರಿಯನ್ನು ನೇರವಾಗಿ ಶಾರ್ಟ್ ಮಾಡಿದ ಹಾಗೆ. ಕಡಿಮೆ ಬೆಲೆಯ ಎಷ್ಟೋ ಮೀಟರ್‌ಗಳಲ್ಲಿ ಆ ತೂತಿಗೆ ಫ್ಯೂಸೇ ಇರುವುದಿಲ್ಲ. ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್‌ನಲ್ಲಿ, ಬಯಲಲ್ಲಿ ನಿಲ್ಲಿಸಿ. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಬೇಡಿ, ಹೊಗೆ ಅಪಾಯ. ಎಂಜಿನ್ ಓಡುತ್ತಿರುವಾಗ ಬ್ಯಾಟರಿ ವೈರು ಬಿಚ್ಚಿ ನೋಡುವ ಹಳೆಯ ಅಭ್ಯಾಸವನ್ನಂತೂ ಪೂರ್ತಿ ಬಿಟ್ಟುಬಿಡಿ. ಬ್ಯಾಟರಿ ಇಲ್ಲದಾಗ ವೋಲ್ಟೇಜ್ ಜಿಗಿದು ಗಾಡಿಯ ಡಿಜಿಟಲ್ ಸ್ಪೀಡೋಮೀಟರ್, ಸಿಡಿಐ (ಸ್ಪಾರ್ಕ್ ಕೊಡುವ ಡಬ್ಬಿ), ಇಸಿಯು (ಎಂಜಿನ್ ನಿಯಂತ್ರಿಸುವ ಪುಟ್ಟ ಕಂಪ್ಯೂಟರ್) ಯಾವುದು ಬೇಕಾದರೂ ಹೋಗಬಹುದು.

ಬ್ಯಾಟರಿಯಿಂದ ಶುರು ಮಾಡಿ

ಬ್ಯಾಟರಿ ಹೊಸದು ಅಂತ ಅದನ್ನು ಬಿಟ್ಟುಬಿಡಬೇಡಿ. ನಾಲ್ಕು ತಿಂಗಳು ಅರ್ಧಂಬರ್ಧ ಚಾರ್ಜಿನಲ್ಲೇ ಇದ್ದ ಲೆಡ್ ಆಸಿಡ್ ಬ್ಯಾಟರಿಯ ಪ್ಲೇಟ್ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತಿರುತ್ತದೆ. ಮೂಲ ತಪ್ಪು ಬೇರೆ ಎಲ್ಲೋ ಇದ್ದರೂ ಈಗ ಬ್ಯಾಟರಿಯೂ ಕೆಟ್ಟಿರಬಹುದು. ಕೆಟ್ಟ ಬ್ಯಾಟರಿ ಇಟ್ಟುಕೊಂಡು ಮಾಡಿದ ಬೇರೆ ಯಾವ ಪರೀಕ್ಷೆಯನ್ನೂ ನಂಬುವ ಹಾಗಿಲ್ಲ. ಒಂದು ಸೆಲ್ ಶಾರ್ಟ್ ಆದ ಬ್ಯಾಟರಿ ಚಾರ್ಜಿಂಗ್ ವೋಲ್ಟೇಜನ್ನು ಕೆಳಗೆ ಎಳೆಯುತ್ತದೆ, ನೀವು ಕಾಯಿಲ್ ಮೇಲೆ ಅನುಮಾನ ಪಡುತ್ತೀರಿ. ಸಲ್ಫೇಟ್ ಹಿಡಿದ ಬ್ಯಾಟರಿ ಕರೆಂಟ್ ತಗೊಳ್ಳದೆ ವೋಲ್ಟೇಜನ್ನು ಬೇಗ 14ರ ಮೇಲೆ ಏರಿಸುತ್ತದೆ, ಚಾರ್ಜಿಂಗ್ ಚೆನ್ನಾಗಿದೆ ಅಂತ ನೀವು ನೆಮ್ಮದಿಯಾಗುತ್ತೀರಿ.

ಚಾರ್ಜರ್‌ನಲ್ಲಿ ಪೂರ್ತಿ ಚಾರ್ಜ್ ಮಾಡಿಸಿ, ವೈರು ಬಿಚ್ಚಿ ಒಂದು ರಾತ್ರಿ ಸುಮ್ನೆ ಇಡಿ. ಬೆಳಗ್ಗೆ ಮೀಟರನ್ನು ಡಿಸಿ 20 ವೋಲ್ಟ್‌ಗೆ ತಿರುಗಿಸಿ ನೋಡಿ. 12.6ರಿಂದ 12.8 ಇದ್ದರೆ ತುಂಬಿದೆ ಅಂತ ಅರ್ಥ. ನೀರು ಹಾಕದ ಸೀಲ್ಡ್ ಬ್ಯಾಟರಿ ಇನ್ನೂ ಸ್ವಲ್ಪ ಮೇಲೆ, 12.9ರ ಆಸುಪಾಸು ತೋರಿಸಬಹುದು. 12.4 ಅಂದರೆ ಮುಕ್ಕಾಲು, 12.2 ಅಂದರೆ ಅರ್ಧ, 12.0 ಅಂದರೆ ಕಾಲು ಭಾಗವೂ ಕಷ್ಟ. ಪೂರ್ತಿ ಚಾರ್ಜ್ ಮಾಡಿಯೂ 10.5ರ ಹತ್ತಿರ ನಿಂತರೆ ಆರು ಸೆಲ್‌ಗಳಲ್ಲಿ ಒಂದು ಸತ್ತಿದೆ. ಅದನ್ನು ಚಾರ್ಜ್ ಮಾಡಿಸುತ್ತಾ ಕೂರುವುದರಲ್ಲಿ ಪ್ರಯೋಜನವಿಲ್ಲ.

ಬರೀ ವೋಲ್ಟೇಜ್ ನೋಡಿದರೆ ಸಾಲದು. ಬ್ಯಾಟರಿಯ ನಿಜವಾದ ತಾಕತ್ತು ಗೊತ್ತಾಗುವುದು ಸೆಲ್ಫ್ ಹೊಡೆದಾಗ. ಬ್ಯಾಟರಿಯನ್ನು ಗಾಡಿಗೆ ಜೋಡಿಸಿ, ಪ್ರೋಬ್‌ಗಳನ್ನು ಬ್ಯಾಟರಿಯ ಎರಡು ಕಂಬಗಳ ಮೇಲೇ ಒತ್ತಿ ಹಿಡಿಯಿರಿ. ಟರ್ಮಿನಲ್ ಬೋಲ್ಟ್ ಮೇಲೆ ಬೇಡ. ಇನ್ನೊಬ್ಬರಿಗೆ ಸೆಲ್ಫ್ ಒತ್ತಲು ಹೇಳಿ. ಎಂಜಿನ್ ತಿರುಗುತ್ತಿರುವಾಗ ವೋಲ್ಟೇಜ್ 10ರ ಸುತ್ತ ನಿಲ್ಲಬೇಕು. 9.5ಕ್ಕಿಂತ ಕೆಳಗೆ ಹೋದರೆ ಬ್ಯಾಟರಿ ಸೋತಿದೆ. ಟಿಕ್ ಅಂದ ಕೂಡಲೇ 7ಕ್ಕೋ 6ಕ್ಕೋ ಬಿದ್ದರೆ ಬ್ಯಾಟರಿಯ ಕಥೆ ಮುಗಿಯಿತು.

ಇಲ್ಲಿ ನಿಮ್ಮ ಗಾಡಿಗೆ ನೇರವಾಗಿ ಸಂಬಂಧಪಟ್ಟ ಒಂದು ಮಾತಿದೆ. ಟಿಕ್ ಟಿಕ್ ಸದ್ದು ಬರುತ್ತಿರುವಾಗಲೂ ಬ್ಯಾಟರಿ ಕಂಬಗಳ ಮೇಲೆ 12.3, 12.4 ಹಾಗೇ ನಿಂತಿದ್ದರೆ ಬ್ಯಾಟರಿಯಿಂದ ಕರೆಂಟೇ ಹೊರಡುತ್ತಿಲ್ಲ ಅಂತ. ಆಗ ತಪ್ಪು ಸ್ಟಾರ್ಟರ್ ರಿಲೇಯಲ್ಲೋ (ಸೆಲ್ಫ್ ಒತ್ತಿದಾಗ ಮೋಟಾರಿಗೆ ಕರೆಂಟ್ ಬಿಡುವ ಸ್ವಿಚ್), ದಪ್ಪ ಕೇಬಲಿನ ಜಾಯಿಂಟಿನಲ್ಲೋ, ಸ್ಟಾರ್ಟರ್ ಮೋಟಾರಿನ ಕಾರ್ಬನ್ ಬ್ರಶ್‌ನಲ್ಲೋ ಇರುತ್ತದೆ. ಚಾರ್ಜಿಂಗ್ ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸಿ ಆ ಕಡೆ ನೋಡಿ. ಟರ್ಮಿನಲ್ ಸ್ಕ್ರೂ ಸಡಿಲವಾಗಿ, ಅದರ ಸುತ್ತ ಬಿಳಿ ಪುಡಿ ಕಟ್ಟಿಕೊಂಡು, ಅಷ್ಟಕ್ಕೇ ಸೆಲ್ಫ್ ನಿಂತುಹೋದ ಗಾಡಿಗಳು ಎಷ್ಟೋ ಇವೆ.

ಐಡ್ಲಿಂಗ್ ರೀಡಿಂಗ್ ಸಾಲದು, ರೇಸ್ ಮಾಡಿ ನೋಡಿ

ಬ್ಯಾಟರಿ ಸರಿ ಇದೆ ಅಂತಾದ ಮೇಲೆ ಎಂಜಿನ್ ಸ್ಟಾರ್ಟ್ ಮಾಡಿ. ಸ್ಟಾರ್ಟ್ ಮಾಡುವ ಮೊದಲಿನ ವೋಲ್ಟೇಜ್ ಬರೆದಿಟ್ಟುಕೊಳ್ಳಿ. ಈಗ ಐಡ್ಲಿಂಗ್‌ನಲ್ಲಿ ನೋಡಿ, ಆಮೇಲೆ ಸುಮಾರು 4000 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಎಂಜಿನ್ 4000 ಸುತ್ತು) ನೋಡಿ. ಆರ್‌ಪಿಎಂ ಮೀಟರ್ ಇಲ್ಲದಿದ್ದರೆ ಟಾಪ್ ಗೇರ್‌ನಲ್ಲಿ 45–50 ವೇಗದಲ್ಲಿ ಹೋಗುವಾಗ ಎಂಜಿನ್ ಮಾಡುವ ಸದ್ದನ್ನು ನೆನಪಿಸಿಕೊಂಡು ಅಷ್ಟಕ್ಕೆ ಆಕ್ಸಲರೇಟರ್ ಹಿಡಿಯಿರಿ. ಬ್ಯಾಟರಿ ಮೇಲೆ 13.5ರಿಂದ 14.8ರ ಒಳಗೆ ಬಂದು ಅಲ್ಲಾಡದೆ ನಿಲ್ಲಬೇಕು. ಅಂಕಿ ಸಿಕ್ಕಾಪಟ್ಟೆ ಕುಣಿಯುತ್ತಿದ್ದರೆ ಗಾಬರಿಯಾಗಬೇಡಿ. ಪ್ಲಗ್ ವೈರಿನ ಸ್ಪಾರ್ಕ್ ಹತ್ತಿರದ ಮೀಟರನ್ನು ಹಾಗೆ ಕೆಡಿಸುತ್ತದೆ. ಮೀಟರನ್ನು ಪ್ಲಗ್ಗಿನಿಂದ ದೂರ ಇಟ್ಟುಕೊಳ್ಳಿ.

ನಿಮ್ಮ ಐಡ್ಲಿಂಗ್ 12.9ಕ್ಕೆ ಈಗ ಅರ್ಥ ಬರುತ್ತದೆ. ಸ್ಟಾರ್ಟ್ ಮಾಡುವ ಮೊದಲು 12.3 ಇದ್ದು ಐಡ್ಲಿಂಗ್‌ನಲ್ಲಿ 12.9 ಆದರೆ ಏನೋ ಸ್ವಲ್ಪ ಚಾರ್ಜ್ ಬರುತ್ತಿದೆ, ಪೂರ್ತಿ ನಿಂತಿಲ್ಲ. ಚಿಕ್ಕ ಗಾಡಿ ಐಡ್ಲಿಂಗ್‌ನಲ್ಲಿ ಬ್ಯಾಟರಿ ತುಂಬಬೇಕು ಅಂತ ಯಾರೂ ನಿರೀಕ್ಷಿಸುವುದಿಲ್ಲ, ಖರ್ಚಿಗೆ ಸರಿಹೋದರೆ ಸಾಕು. ಆದರೆ 4000ಕ್ಕೆ ಹೋದಾಗಲೂ 13ರಲ್ಲೇ ಕೂತಿದ್ದರೆ ತೊಂದರೆ ಇದೆ. ರೇಸ್ ಮಾಡಿದಂತೆ ಏರುವ ಬದಲು ಇಳಿಯುತ್ತಾ ಹೋದರೆ ಚಾರ್ಜೇ ಆಗುತ್ತಿಲ್ಲ.

ಈಗ ಹೆಡ್‌ಲೈಟ್ ಹೈ ಬೀಮ್ ಹಾಕಿ. ಬ್ರೇಕ್ ಒತ್ತಿ. ಇಂಡಿಕೇಟರ್ ಹಾಕಿ. 4000ದಲ್ಲಿ ಮತ್ತೆ ನೋಡಿ. 13.5ರ ಹತ್ತಿರ ಉಳಿದರೆ ಒಳ್ಳೆಯದು. ಲೈಟ್ ಇಲ್ಲದಾಗ 14.2 ಇದ್ದದ್ದು ಲೈಟ್ ಹಾಕಿದ ಕೂಡಲೇ 12.7ಕ್ಕೆ ಬಿದ್ದರೆ ಕಾಯಿಲಿನ ಒಂದು ಭಾಗ ಕೆಲಸ ಮಾಡುತ್ತಿಲ್ಲ ಅಂತ ಅನುಮಾನ ಪಡಬೇಕು. ತ್ರೀ ಫೇಸ್ ಗಾಡಿಯಲ್ಲಿ ಒಂದು ಫೇಸ್ ಹೋದರೂ ಲೈಟ್ ಇಲ್ಲದಾಗ ರೀಡಿಂಗ್ ಚೆನ್ನಾಗೇ ಕಾಣುತ್ತದೆ. ಲೋಡ್ ಹಾಕದೆ ನೋಡಿ ಕಾಯಿಲ್ ಸರಿ ಇದೆ ಅಂದವರು ತಪ್ಪುವುದು ಇಲ್ಲೇ.

ಆಮೇಲೆ ಆ ಎಲ್‌ಇಡಿ ಲೈಟ್ ಹಾಕಿ ಅದೇ ರೀಡಿಂಗ್ ತಗೊಳ್ಳಿ. ಚಿಕ್ಕ ಗಾಡಿಯ ಚಾರ್ಜಿಂಗ್‌ನಲ್ಲಿ ಮಿಗುವ ಕರೆಂಟ್ ಬಹಳ ಕಡಿಮೆ. ಹೆಡ್‌ಲೈಟ್, ಟೈಲ್ ಲೈಟ್, ಇಗ್ನಿಷನ್ ತಿಂದು ಬಿಟ್ಟದ್ದು ಬ್ಯಾಟರಿಗೆ. ಎರಡು ಎಕ್ಸ್‌ಟ್ರಾ ಲೈಟ್ ಸೇರಿ 30–40 ವ್ಯಾಟ್ ಆದರೆ ಆ ಉಳಿಕೆ ಪೂರ್ತಿ ಅಲ್ಲಿಗೇ ಹೋಗುತ್ತದೆ. ಎಲ್‌ಇಡಿ ಡಬ್ಬಿಯ ಮೇಲೆ ಬರೆದ ವ್ಯಾಟ್ ನಂಬಬೇಡಿ, ಮೀಟರಿನ ಅಂಕಿ ನಂಬಿ. ಎಲ್‌ಇಡಿ ಲೈಟ್ ಆನ್ ಮಾಡಿದಾಗ 4000ದಲ್ಲೂ 13 ದಾಟದಿದ್ದರೆ, ಅವನ್ನು ಮಾತ್ರ ಆಫ್ ಮಾಡಿದಾಗ 14 ಬಂದರೆ, ಕಾಯಿಲೂ ಸರಿ ಇದೆ, ರೆಕ್ಟಿಫೈಯರೂ ಸರಿ ಇದೆ. ಲೈಟುಗಳದ್ದೇ ಭಾರ ಜಾಸ್ತಿ.

ಇದನ್ನೆಲ್ಲ ಎಂಜಿನ್ ತಣ್ಣಗಿದ್ದಾಗ ಒಂದು ಸಲ, ಇಪ್ಪತ್ತು ನಿಮಿಷ ಓಡಿಸಿ ಬಂದು ಬಿಸಿಯಾಗಿರುವಾಗ ಇನ್ನೊಂದು ಸಲ ಮಾಡಿ. ಬಿಸಿಯಾದ ಮೇಲೆ ಮಾತ್ರ ಕೈಕೊಡುವ ಕಾಯಿಲ್, ರೆಕ್ಟಿಫೈಯರ್ ಎರಡೂ ಇವೆ. ಗ್ಯಾರೇಜಿನಲ್ಲಿ ತಣ್ಣಗೆ ನಿಂತ ಗಾಡಿಯಲ್ಲಿ ಅವು ಸಿಕ್ಕಿಬೀಳುವುದಿಲ್ಲ.

ವೈರಿನಲ್ಲಿ ಕಳೆದುಹೋಗುವ ವೋಲ್ಟೇಜ್

4000ದಲ್ಲಿ 13.5 ಮುಟ್ಟಲಿಲ್ಲ ಅನ್ನಿ. ಎಂಜಿನ್ ಕವರ್ ಬಿಚ್ಚುವ ಮೊದಲು ಮಾಡಬೇಕಾದ ಪರೀಕ್ಷೆ ಇದು. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಅತಿ ಮುಖ್ಯವಾದದ್ದೂ ಇದೇ, ಯಾರೂ ಮಾಡದೆ ಬಿಡುವುದೂ ಇದನ್ನೇ. ಪಾರ್ಟ್ ಬಿಚ್ಚಬೇಕಾಗಿಲ್ಲ. ಖರ್ಚಿಲ್ಲ. ಐದು ನಿಮಿಷದ ಕೆಲಸ.

ರೆಕ್ಟಿಫೈಯರ್‌ನಿಂದ ಬ್ಯಾಟರಿಗೆ ಹೋಗುವ ಪಾಸಿಟಿವ್ ವೈರು ಹುಡುಕಿ. ಎಷ್ಟೋ ಗಾಡಿಗಳಲ್ಲಿ ಅದು ಕೆಂಪು, ಆದರೆ ಕಂಪನಿಯಿಂದ ಕಂಪನಿಗೆ ಬಣ್ಣ ಬದಲಾಗುತ್ತದೆ. ಕಪ್ಲರ್ ಬಿಚ್ಚದೆ, ಅದರ ಹಿಂಭಾಗದಿಂದ ವೈರಿನ ಪಕ್ಕದಲ್ಲಿ ಪ್ರೋಬಿನ ಮೊನೆಯನ್ನು ಒಳಗೆ ತೂರಿಸಿ ಪಿನ್ನಿಗೆ ತಾಗಿಸಿ. ಇನ್ನೊಂದು ಪ್ರೋಬ್ ಬ್ಯಾಟರಿಯ ಪಾಸಿಟಿವ್ ಕಂಬಕ್ಕೆ. ಮೀಟರ್ ಡಿಸಿ ವೋಲ್ಟ್‌ನಲ್ಲೇ ಇರಲಿ. ಎಂಜಿನ್ನನ್ನು 4000ಕ್ಕೆ ಏರಿಸಿ. ಮೀಟರ್ ಈಗ ತೋರಿಸುವುದು ಆ ವೈರಿನಲ್ಲಿ ಎಷ್ಟು ವೋಲ್ಟ್ ಕಳೆದುಹೋಗುತ್ತಿದೆ ಅಂತ. 0.1, 0.2 ಇದ್ದರೆ ಪರವಾಗಿಲ್ಲ. 0.3 ದಾಟಿದರೆ ಅನುಮಾನ. 0.5 ದಾಟಿದರೆ ಅನುಮಾನವೂ ಬೇಡ, ಅಲ್ಲೇ ತಪ್ಪಿದೆ. ಹಲವು ವೋಲ್ಟ್ ತೋರಿಸಿದರೆ ಲೈನೇ ಕಟ್ಟಾಗಿದೆ, ಮೊದಲು ಫ್ಯೂಸ್ ನೋಡಿ. ಇನ್ನು ಅರ್ತ್ ಕಡೆ. ರೆಕ್ಟಿಫೈಯರ್‌ನ ನೆಗೆಟಿವ್ ವೈರಿನಿಂದ ಬ್ಯಾಟರಿಯ ನೆಗೆಟಿವ್ ಕಂಬಕ್ಕೆ ಹೀಗೇ ನೋಡಿ. ಅರ್ತ್ ವೈರು ಇಲ್ಲದ, ಬಾಡಿಯಿಂದಲೇ ಅರ್ತ್ ಆಗುವ ರೆಕ್ಟಿಫೈಯರ್ ಆದರೆ ಅದರ ಲೋಹದ ಬಾಡಿಗೆ ಪ್ರೋಬ್ ಹಿಡಿಯಿರಿ. ಇಲ್ಲೂ 0.2ರ ಒಳಗೇ ಇರಬೇಕು.

ಬ್ಯಾಟರಿ ಪೂರ್ತಿ ತುಂಬಿದ್ದಾಗ ಈ ಪರೀಕ್ಷೆ ಮಾಡಿದರೆ ಮೋಸ ಹೋಗುತ್ತೀರಿ. ತುಂಬಿದ ಬ್ಯಾಟರಿ ಕರೆಂಟನ್ನೇ ಎಳೆಯುವುದಿಲ್ಲ. ಕರೆಂಟ್ ಹರಿಯದಿದ್ದರೆ ವೋಲ್ಟೇಜೂ ಕಳೆಯುವುದಿಲ್ಲ, ಕೆಟ್ಟ ಜಾಯಿಂಟ್ ಕೂಡ ಒಳ್ಳೆಯದಾಗಿ ಕಾಣುತ್ತದೆ. ನಾಲ್ಕೈದು ಸಲ ಸೆಲ್ಫ್ ಹೊಡೆದು, ಆಮೇಲೆ ಲೈಟ್ ಹಾಕಿಕೊಂಡು ನೋಡಿ.

ಇದು ಯಾಕೆ ಇಷ್ಟು ಮುಖ್ಯ ಅಂದರೆ, ವೋಲ್ಟೇಜ್ ಅಳೆಯಲು ಬೇರೆ ಸೆನ್ಸ್ ವೈರು ಇಲ್ಲದ ರೆಕ್ಟಿಫೈಯರ್‌ಗೆ ಗೊತ್ತಾಗುವುದು ತನ್ನ ಬಾಯಲ್ಲಿರುವ ವೋಲ್ಟೇಜ್ ಮಾತ್ರ. ಅದು 14.3 ಕೊಡುತ್ತಿದೆ ಅನ್ನಿ. ದಾರಿಯಲ್ಲಿ 0.9 ಕಳೆದರೆ ಬ್ಯಾಟರಿಗೆ ಸಿಗುವುದು 13.4. ರೆಕ್ಟಿಫೈಯರ್ ಪ್ರಕಾರ ಎಲ್ಲ ಸರಿಯಾಗಿದೆ. ಬ್ಯಾಟರಿ ಮಾತ್ರ ಎಂದೂ ಪೂರ್ತಿ ತುಂಬುವುದಿಲ್ಲ. ತಿಂಗಳುಗಟ್ಟಲೆ ಹೀಗೇ ನಡೆದು ಹೊಸ ಬ್ಯಾಟರಿ ಹಾಳಾಗುತ್ತದೆ. ಆಮೇಲೆ ಬ್ಯಾಟರಿ ಕಂಪನಿಯನ್ನು ಬೈಯುತ್ತೇವೆ, ಕಾಯಿಲ್ ಬದಲಾಯಿಸುತ್ತೇವೆ, ತೊಂದರೆ ಹಾಗೇ ಉಳಿಯುತ್ತದೆ.

ಕಳೆದ ಆ ವೋಲ್ಟೇಜ್ ಬಿಸಿಯಾಗಿ ಬದಲಾಗುತ್ತದೆ. 4 ಆಂಪಿಯರ್ ಹರಿಯುವಾಗ 0.9 ವೋಲ್ಟ್ ಒಂದೇ ಪಿನ್ನಿನಲ್ಲಿ ಕಳೆದರೆ 3.6 ವ್ಯಾಟ್ ಬಿಸಿ ಆ ಪುಟ್ಟ ಪಿನ್ನಿನ ಮೇಲೆ. ರೆಕ್ಟಿಫೈಯರ್ ಕಪ್ಲರ್ ಬಿಚ್ಚಿ ಬೆಳಕಿಗೆ ಹಿಡಿಯಿರಿ. ಹೊಸತರಲ್ಲಿ ಹಾಲಿನ ಬಣ್ಣದ ಪ್ಲಾಸ್ಟಿಕ್ ಇರುತ್ತದೆ. ತಪ್ಪು ಇರುವ ಪಿನ್ನಿನ ಸುತ್ತ ಅದು ಮೊದಲು ಹಳದಿ, ಆಮೇಲೆ ಕಂದು, ಕೊನೆಗೆ ಕಪ್ಪು. ಅಂಚು ಕರಗಿ ಪಿನ್ ಒಂದು ಕಡೆ ವಾಲಿರುತ್ತದೆ. ಅದಕ್ಕೆ ಬರುವ ವೈರಿನ ತುದಿ ಒಂದು ಇಂಚಿನಷ್ಟು ಬಿರುಸಾಗಿರುತ್ತದೆ, ಬಗ್ಗಿಸಿದರೆ ಮೇಲಿನ ಪ್ಲಾಸ್ಟಿಕ್ ಬಿರುಕು ಬಿಡುತ್ತದೆ. ಒಳಗಿನ ತಾಮ್ರ ಹೊಳೆಯುವ ಬದಲು ಕಪ್ಪಾಗಿರುತ್ತದೆ. ಇಷ್ಟು ಕಂಡರೆ ಸ್ಪ್ರೇ ಹೊಡೆದು ಒರೆಸಿ ಮುಚ್ಚಬೇಡಿ. ಪಿನ್ನಿನ ಹಿಡಿತ ಸಡಿಲವಾಗಿದೆ, ಮತ್ತೆ ಅದೇ ಆಗುತ್ತದೆ. ಕಪ್ಪಾದ ಭಾಗ ಕತ್ತರಿಸಿ, ಒಳ್ಳೆಯ ತಾಮ್ರದವರೆಗೆ ಹೋಗಿ, ಹೊಸ ಪಿನ್ ಒತ್ತಿ, ಹೊಸ ಕಪ್ಲರ್ ಹಾಕಿಸಿ. ಫ್ಯೂಸ್ ಹೋಲ್ಡರ್‌ನ ಹಲ್ಲುಗಳನ್ನೂ, ಬ್ಯಾಟರಿ ನೆಗೆಟಿವ್ ಕೇಬಲ್ ಫ್ರೇಮಿಗೆ ಕೂರುವ ಬೋಲ್ಟನ್ನೂ ಹೀಗೇ ನೋಡಿ. ಬೋಲ್ಟಿನ ಕೆಳಗೆ ಬಣ್ಣವಾಗಲಿ ತುಕ್ಕಾಗಲಿ ಇದ್ದರೆ ಉಜ್ಜಿ ಬರಿ ಲೋಹ ಕಾಣುವಂತೆ ಮಾಡಿ.

ಕಾಯಿಲ್

ವೈರಿಂಗ್ ಸರಿ ಇದ್ದೂ ವೋಲ್ಟೇಜ್ ಬರದಿದ್ದರೆ ಮಾತ್ರ ಕಾಯಿಲ್ ಕಡೆಗೆ ಬನ್ನಿ. ಎಂಜಿನ್ ಕವರ್ ಬಿಚ್ಚಬೇಕಿಲ್ಲ. ಕಾಯಿಲಿನಿಂದ ಮೇಲೆ ಬರುವ ವೈರುಗಳ ಕಪ್ಲರ್ ಸಾಮಾನ್ಯವಾಗಿ ಟ್ಯಾಂಕಿನ ಕೆಳಗೋ ಸೈಡ್ ಕವರ್ ಒಳಗೋ ಸಿಗುತ್ತದೆ. ಎಂಜಿನ್ ಆಫ್ ಮಾಡಿ ಕಪ್ಲರ್ ಬಿಚ್ಚಿ. ಪರೀಕ್ಷೆ ಮಾಡಬೇಕಾದ್ದು ಎಂಜಿನ್ ಕಡೆಯ ತುಂಡನ್ನು.

ಮೊದಲು ಓಮ್ ನೋಡಿ. ಮೀಟರನ್ನು 200 ಓಮ್‌ಗೆ ತಿರುಗಿಸಿ ಎರಡು ಪ್ರೋಬ್‌ಗಳನ್ನು ಒಂದಕ್ಕೊಂದು ತಾಗಿಸಿ. 0.3ರಂತೆ ಏನೋ ತೋರಿಸುತ್ತದೆ, ಅದು ಪ್ರೋಬ್ ವೈರುಗಳದ್ದೇ ರೆಸಿಸ್ಟೆನ್ಸ್. ಮುಂದಿನ ಪ್ರತಿ ರೀಡಿಂಗ್‌ನಿಂದಲೂ ಅದನ್ನು ಕಳೆಯಿರಿ. ಕಾಯಿಲ್ ಇರುವುದೇ ಒಂದು ಓಮಿನ ಆಸುಪಾಸು ಅಥವಾ ಅದಕ್ಕೂ ಕಡಿಮೆ. ಹಾಗಾಗಿ ಕಳೆಯದಿದ್ದರೆ ಲೆಕ್ಕ ತಪ್ಪುತ್ತದೆ. ತ್ರೀ ಫೇಸ್‌ನಲ್ಲಿ ಮೂರು ವೈರುಗಳನ್ನು ಜೋಡಿ ಜೋಡಿಯಾಗಿ ನೋಡಿ, ಮೂರೂ ಜೋಡಿ ಒಂದೇ ಥರ ಬರಬೇಕು. ಒಂದು ಜೋಡಿಯಲ್ಲಿ ಮೀಟರ್ ಏನೂ ತೋರಿಸದೆ ಎಡಗಡೆ ಬರೀ 1 ಅಥವಾ ಓಎಲ್ ತೋರಿಸಿದರೆ ಒಳಗೆ ವೈರು ತುಂಡಾಗಿದೆ.

ಆಮೇಲೆ ಪ್ರತಿ ವೈರಿನಿಂದ ಎಂಜಿನ್ ಬಾಡಿಗೆ ನೋಡಿ. ಮೊದಲು ಹೇಳಿದ ಆ ವ್ಯತ್ಯಾಸ ಇಲ್ಲಿ ಬರುತ್ತದೆ. ತ್ರೀ ಫೇಸ್ ಅಥವಾ ಅರ್ತ್ ಆಗದ ಎರಡು ವೈರಿನ ಕಾಯಿಲ್ ಆದರೆ ಬಾಡಿಗೆ ಏನೂ ಸಂಪರ್ಕ ಇರಬಾರದು. ಇದ್ದರೆ ಕಾಯಿಲಿನ ಮೇಲಿನ ವಾರ್ನಿಷ್ ಸುಟ್ಟು ಬಾಡಿಗೆ ತಾಗಿದೆ, ಕಾಯಿಲ್ ಹೋಗಿದೆ. ಹಳೆಯ ಬಗೆಯ ಅರ್ತ್ ಕಾಯಿಲ್ ಆದರೆ ಬಾಡಿಗೆ ಸಂಪರ್ಕ ಇರಲೇಬೇಕು. ಅದನ್ನು ಶಾರ್ಟ್ ಅಂತ ತಿಳಿದು ಒಳ್ಳೆಯ ಕಾಯಿಲನ್ನು ಎಸೆಯುವವರಿದ್ದಾರೆ.

ಓಮ್ ಸರಿ ಬಂದರೂ ಕಾಯಿಲ್ ಸರಿ ಅಂತ ಪೂರ್ತಿ ನಂಬುವ ಹಾಗಿಲ್ಲ. ಒಳಗೆ ಪಕ್ಕಪಕ್ಕದ ಸುತ್ತುಗಳು ಒಂದಕ್ಕೊಂದು ತಾಗಿದ್ದರೆ ಸಾಧಾರಣ ಮೀಟರ್‌ಗೆ ಅದು ಗೊತ್ತಾಗುವುದಿಲ್ಲ. ಓಡಿಸಿಯೇ ನೋಡಬೇಕು. ಕಪ್ಲರ್ ಬಿಚ್ಚಿಯೇ ಇರಲಿ. ಅದೇ ಕಪ್ಲರ್‌ನಲ್ಲಿ ಇಗ್ನಿಷನ್ ಪಿಕಪ್ ವೈರು (ಸ್ಪಾರ್ಕ್ ಯಾವಾಗ ಬೇಕು ಅಂತ ತಿಳಿಸುವುದು) ಸೇರಿದ್ದರೆ ಎಂಜಿನ್ ಸ್ಟಾರ್ಟ್ ಆಗುವುದಿಲ್ಲ, ಆಗ ಚಾರ್ಜಿಂಗ್ ವೈರುಗಳನ್ನು ಮಾತ್ರ ಬೇರೆ ಮಾಡಬೇಕು. ಮೀಟರನ್ನು ಎಸಿ 200 ವೋಲ್ಟ್‌ಗೆ ತಿರುಗಿಸಿ, ಎಂಜಿನ್ ಸ್ಟಾರ್ಟ್ ಮಾಡಿ, ಮತ್ತೆ ಜೋಡಿ ಜೋಡಿಯಾಗಿ ನೋಡಿ. ತ್ರೀ ಫೇಸ್ ಕಾಯಿಲ್ ಐಡ್ಲಿಂಗ್‌ನಲ್ಲಿ ಸುಮಾರು 15–20 ವೋಲ್ಟ್ ಕೊಡುತ್ತದೆ, 5000ಕ್ಕೆ ಹೋದಾಗ 50 ದಾಟುವುದು ಸಾಮಾನ್ಯ. ಆ ಪಿನ್ನುಗಳನ್ನು ಕೈಯಲ್ಲಿ ಮುಟ್ಟಬೇಡಿ. ನಿಖರವಾದ ಅಂಕಿ ಗಾಡಿಯಿಂದ ಗಾಡಿಗೆ ಬೇರೆ, ಅದಕ್ಕೆ ಮ್ಯಾನ್ಯುಯಲ್ ನೋಡಿ. ನಾನು ಅಂಕಿಗಿಂತ ಹೆಚ್ಚಾಗಿ ನೋಡುವುದು ಎರಡು ವಿಷಯ. ಆರ್‌ಪಿಎಂ ಜೊತೆಗೆ ವೋಲ್ಟೇಜ್ ತಡೆಯಿಲ್ಲದೆ ಏರುತ್ತಿದೆಯಾ? ಮೂರು ಜೋಡಿಯೂ ಸಮವಾಗಿವೆಯಾ? ಎರಡು ಜೋಡಿ 50 ತೋರಿಸಿ ಒಂದು 28 ತೋರಿಸಿದರೆ ಕಾಯಿಲ್ ಹೋಗಿದೆ. ಮೂರೂ ಸಮವಾಗಿ ಕಡಿಮೆ ಇದ್ದರೆ ಮ್ಯಾಗ್ನೆಟ್ ಶಕ್ತಿ ಕಳೆದುಕೊಂಡಿರಬಹುದು, ಆದರೆ ಅದು ಅಪರೂಪ. ಮ್ಯಾಗ್ನೆಟ್ ಬಿಚ್ಚುವಾಗ ಪುಲ್ಲರ್ ಬಳಸದೆ ಸುತ್ತಿಗೆಯಿಂದ ಬಡಿದ ಗಾಡಿಗಳಲ್ಲಿ ಹೀಗಾಗುವುದುಂಟು.

ರೆಕ್ಟಿಫೈಯರ್

ಕಾಯಿಲ್ ಸರಿ ಇದೆ. ಎರಡೂ ಕಡೆಯ ವೈರು ಸರಿ ಇವೆ. ಬ್ಯಾಟರಿ ಸರಿ ಇದೆ. ಆದರೂ ಬ್ಯಾಟರಿ ಮೇಲೆ 13.5 ಬರುತ್ತಿಲ್ಲ. ಆಗ ರೆಕ್ಟಿಫೈಯರ್ ಹೋಗಿದೆ. ಇದನ್ನು ಹೀಗೆ ಉಳಿದದ್ದನ್ನೆಲ್ಲ ಕಳೆದು ತೀರ್ಮಾನಿಸುವುದೇ ಸರಿಯಾದ ದಾರಿ. ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಇದರೊಳಗಿದೆ, ಮೀಟರಿನ ಡಯೋಡ್ ಪರೀಕ್ಷೆ ಮಾಡಬಹುದು. ರೆಕ್ಟಿಫೈಯರ್ ಬಿಚ್ಚಿ, ಎಸಿ ವೈರಿನ ಪಿನ್ನಿನಿಂದ ಪಾಸಿಟಿವ್ ಪಿನ್ನಿಗೆ ಒಂದು ದಿಕ್ಕಿನಲ್ಲಿ ಸುಮಾರು 0.4ರಿಂದ 0.7 ತೋರಿಸಬೇಕು, ಪ್ರೋಬ್ ಅದಲು ಬದಲು ಮಾಡಿದರೆ ಏನೂ ತೋರಿಸಬಾರದು. ಎರಡೂ ದಿಕ್ಕಿನಲ್ಲಿ ಸೊನ್ನೆ ಬಂದರೆ ಡಯೋಡ್ ಶಾರ್ಟ್ ಆಗಿದೆ. ಆದರೆ ಈಗಿನ ಎಷ್ಟೋ ಯೂನಿಟ್‌ಗಳಲ್ಲಿ ಬರೀ ಡಯೋಡ್ ಇರುವುದಿಲ್ಲ, ಒಳಗಿನ ಸರ್ಕ್ಯೂಟ್ ಮೀಟರನ್ನು ದಾರಿ ತಪ್ಪಿಸುತ್ತದೆ. ಈ ಪರೀಕ್ಷೆಯಲ್ಲಿ ಫೇಲ್ ಆದರೆ ಕೆಟ್ಟಿದೆ ಅಂತ ಹೇಳಬಹುದು. ಪಾಸ್ ಆದರೆ ಒಳ್ಳೆಯದು ಅಂತ ಹೇಳಲು ಆಗುವುದಿಲ್ಲ.

ಇನ್ನೊಂದು ಬಗೆಯ ದೋಷವೂ ಇದೆ, ವೋಲ್ಟೇಜ್ ತಡೆಯಲಾರದೆ ಬಿಟ್ಟುಬಿಡುವುದು. ಬ್ಯಾಟರಿ ಮೇಲೆ 15 ದಾಟಿದರೆ ಗಾಡಿ ಓಡಿಸುವುದನ್ನು ನಿಲ್ಲಿಸಿ. ಬಲ್ಬುಗಳು ಪದೇ ಪದೇ ಹೋಗುವುದು, ಬ್ಯಾಟರಿ ನೀರು ಬೇಗ ಬತ್ತುವುದು, ಸೀಲ್ಡ್ ಬ್ಯಾಟರಿಯ ಪಕ್ಕಗಳು ಉಬ್ಬುವುದು, ಕೊಳೆತ ಮೊಟ್ಟೆಯ ವಾಸನೆ ಬರುವುದು, ಇವೆಲ್ಲ ಅದರ ಗುರುತುಗಳು.

ಹೊಸ ರೆಕ್ಟಿಫೈಯರ್ ಹಾಕುವಾಗ ಅದು ಕೂರುವ ಜಾಗ ಚೊಕ್ಕಟ ಮಾಡಿ. ಚಿಕ್ಕ ಬೈಕುಗಳ ಹೆಚ್ಚಿನ ಯೂನಿಟ್‌ಗಳು ಮಿಕ್ಕ ಕರೆಂಟನ್ನು ಅರ್ತ್‌ಗೆ ಶಾರ್ಟ್ ಮಾಡಿ ವೋಲ್ಟೇಜ್ ತಡೆಯುತ್ತವೆ. ಹಾಗಾಗಿ ಅವು ಬಿಸಿಯಾಗುವುದು ಸಹಜ. ರೆಕ್ಕೆಗಳಲ್ಲಿ ಕೆಸರು ತುಂಬಿದ್ದರೆ, ಸ್ಟಿಕ್ಕರ್ ಅಂಟಿಸಿದ್ದರೆ, ಬೋಲ್ಟ್ ಸಡಿಲವಿದ್ದರೆ ಬಿಸಿ ಹೊರಗೆ ಹೋಗದೆ ಹೊಸದೂ ಬೇಗ ಸಾಯುತ್ತದೆ. ಬ್ಯಾಟರಿಯ ಕನೆಕ್ಷನ್ ಸಡಿಲವಿದ್ದರೂ ಅಷ್ಟೇ.

ಎಲ್ಲ ಸರಿ ಇದ್ದು ಬೆಳಗ್ಗೆ ಮಾತ್ರ ಸೆಲ್ಫ್ ತಗೊಳ್ಳದಿದ್ದರೆ

ನಿಮ್ಮ ಪತ್ರದಲ್ಲಿ ಬೆಳಗ್ಗೆ ಅನ್ನುವ ಮಾತು ನನ್ನ ಗಮನ ಸೆಳೆಯಿತು. ಸಂಜೆ ಚೆನ್ನಾಗಿ ಸೆಲ್ಫ್ ತಗೊಂಡು ಬೆಳಗ್ಗೆ ಮಾತ್ರ ಕೈಕೊಟ್ಟರೆ ರಾತ್ರಿ ಬ್ಯಾಟರಿ ಸೋರುತ್ತಿರಬಹುದು. ಕೀ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ವೈರು ಬಿಚ್ಚಿ, ಆ ವೈರಿಗೂ ನೆಗೆಟಿವ್ ಕಂಬಕ್ಕೂ ನಡುವೆ ಮೀಟರ್ ಹಾಕಿ. ಮೊದಲು 10 ಆಂಪಿಯರ್‌ನಲ್ಲಿ ನೋಡಿ. ಅಲ್ಲಿ ಸೊನ್ನೆ ಇದ್ದರೆ ಮಾತ್ರ ಮಿಲಿ ಆಂಪಿಯರ್‌ಗೆ ಬನ್ನಿ. ಮೀಟರ್ ಹಾಗೆ ಜೋಡಿಸಿರುವಾಗ ಕೀ ಆನ್ ಮಾಡಬೇಡಿ, ಸೆಲ್ಫ್ ಅಂತೂ ಮುಟ್ಟಲೇಬೇಡಿ, ಮೀಟರ್ ಸುಡುತ್ತದೆ. ಗಡಿಯಾರವಾಗಲಿ ಇಸಿಯು ಆಗಲಿ ಇಲ್ಲದ ಗಾಡಿಯಲ್ಲಿ 1 ಮಿಲಿ ಆಂಪಿಯರ್ ಕೂಡ ಇರಬಾರದು. ಡಿಜಿಟಲ್ ಸ್ಪೀಡೋಮೀಟರ್ ಇರುವ ಗಾಡಿಗೆ ಒಂದೆರಡು ಮಿಲಿ ಆಂಪಿಯರ್ ಪರವಾಗಿಲ್ಲ.

20 ಮಿಲಿ ಆಂಪಿಯರ್ ಅಂದರೆ ಕೇಳಲು ಏನೂ ಅಲ್ಲ ಅನ್ನಿಸುತ್ತದೆ. ದಿನಕ್ಕೆ 0.48 ಆಂಪಿಯರ್ ಅವರ್ (ಬ್ಯಾಟರಿಯ ಸಾಮರ್ಥ್ಯದ ಅಳತೆ) ಆಗುತ್ತದೆ. 4 ಆಂಪಿಯರ್ ಅವರ್ ಬ್ಯಾಟರಿ ನಾಲ್ಕು ದಿನ ನಿಂತರೆ ಅರ್ಧ ಖಾಲಿ. ಸೋರಿಕೆ ಕಂಡರೆ ಮೊದಲು ಎಲ್‌ಇಡಿ ಲೈಟಿನ ವೈರು ಬಿಚ್ಚಿ ನೋಡಿ. ಅವನ್ನು ಕೀ ಸ್ವಿಚ್ ದಾಟಿಸದೆ ನೇರ ಬ್ಯಾಟರಿಗೆ ಕೊಟ್ಟಿರುವುದು ಬಹಳ ಕಡೆ ಇದೆ. ರಿಲೇಯೋ, ಬೆಳಗುವ ಸ್ವಿಚ್ಚೋ ರಾತ್ರಿಯಿಡೀ ಕರೆಂಟ್ ತಿನ್ನುತ್ತಿರುತ್ತದೆ. ಅದಲ್ಲದಿದ್ದರೆ ರೆಕ್ಟಿಫೈಯರ್ ಕಪ್ಲರ್ ಬಿಚ್ಚಿ. ಆಗ ಮೀಟರ್ ಸೊನ್ನೆಗೆ ಬಂದರೆ ಅದರ ಡಯೋಡ್ ಹಿಂದಕ್ಕೆ ಸೋರುತ್ತಿದೆ, ಅದನ್ನು ಬದಲಾಯಿಸಲೇಬೇಕು.

ನಿಮ್ಮ ಓಡಾಟ ಎಷ್ಟು ದೂರದ್ದು ಅಂತ ನೀವು ಬರೆದಿಲ್ಲ. ಒಂದು ಸಲ ಸೆಲ್ಫ್ ಹೊಡೆದಾಗ 60 ಆಂಪಿಯರ್‌ನಂತೆ 5 ಸೆಕೆಂಡ್ ಹೋಯಿತು ಅನ್ನಿ. ಅದನ್ನು 1 ಆಂಪಿಯರ್‌ನಲ್ಲಿ ಹಿಂದಕ್ಕೆ ತುಂಬಲು 5 ನಿಮಿಷ ಸರಿಯಾದ ವೇಗದಲ್ಲಿ ಓಡಬೇಕು. ತುಂಬುವಾಗ ಆಗುವ ನಷ್ಟ ಬೇರೆ. ದಿನಾ ಎರಡು ಮೂರು ಕಿಲೋಮೀಟರ್ ಮಾತ್ರ, ಅದೂ ಟ್ರಾಫಿಕ್‌ನಲ್ಲಿ, ಲೈಟ್ ಹಾಕಿಕೊಂಡು ಓಡಿಸುವುದಾದರೆ ಎಲ್ಲ ಪಾರ್ಟ್ ಸರಿ ಇದ್ದರೂ ಬ್ಯಾಟರಿ ಡೌನ್ ಆಗುತ್ತದೆ. ಆಗ ಬೆಳಗಿನ ಮೊದಲ ಸ್ಟಾರ್ಟ್ ಕಿಕ್‌ನಲ್ಲಿ ಮಾಡಿ, ತಿಂಗಳಿಗೊಮ್ಮೆ ಚಾರ್ಜರ್‌ಗೆ ಹಾಕಿ.

ನಿಮ್ಮ ಲಕ್ಷಣಗಳನ್ನು ನೋಡಿದರೆ ನನ್ನ ಮೊದಲ ಅನುಮಾನ ಎಲ್‌ಇಡಿ ಲೈಟಿನ ಮೇಲೆ, ಅದರ ಭಾರ ಅಥವಾ ಅದರ ವೈರಿಂಗ್. ಎರಡನೆಯದು ರೆಕ್ಟಿಫೈಯರ್ ಕಪ್ಲರ್. ಕಾಯಿಲ್ ಅದಕ್ಕಿಂತ ಎಷ್ಟೋ ಹಿಂದೆ. ಹಾಗಾಗಿ ಮೊದಲು ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿಸಿ, ಆ ಲೈಟುಗಳ ವೈರನ್ನು ಪೂರ್ತಿ ಬಿಚ್ಚಿಟ್ಟು ಒಂದು ವಾರ ಗಾಡಿ ಓಡಿಸಿ. ಪ್ರತಿ ಸಂಜೆ ಗಾಡಿ ನಿಲ್ಲಿಸಿ ಒಂದು ಗಂಟೆ ಬಿಟ್ಟು ಒಂದು ರೀಡಿಂಗ್, ಬೆಳಗ್ಗೆ ಸ್ಟಾರ್ಟ್ ಮಾಡುವ ಮೊದಲು ಒಂದು ರೀಡಿಂಗ್ ಬರೆದಿಡಿ. ಬೆಳಗ್ಗೆ ಸಂಜೆಗಿಂತ 0.1ಕ್ಕೂ ಜಾಸ್ತಿ ಕೆಳಗಿದ್ದರೆ ಸೋರಿಕೆ ಹುಡುಕಿ. ಸಂಜೆಯ ರೀಡಿಂಗೇ ದಿನದಿಂದ ದಿನಕ್ಕೆ ಇಳಿಯುತ್ತಿದ್ದರೆ ಚಾರ್ಜ್ ಸಾಲುತ್ತಿಲ್ಲ, ಆಗ 4000 ಆರ್‌ಪಿಎಂನ ಪರೀಕ್ಷೆಯಿಂದ ಮೇಲೆ ಹೇಳಿದ ಕ್ರಮದಲ್ಲೇ ಹೋಗಿ. ಆ ಅಂಕಿಗಳ ಜೊತೆಗೆ ಕಾಯಿಲಿನಿಂದ ಎಷ್ಟು ವೈರು, ಯಾವ ಬಣ್ಣದ್ದು ಬರುತ್ತವೆ ಅಂತ ಬರೆದು ಕಳಿಸಿದರೆ ಮುಂದೆ ಯಾವ ಪಿನ್ನಿಗೆ ಪ್ರೋಬ್ ಇಡಬೇಕು ಅಂತ ಹೇಳುತ್ತೇನೆ.